ಕಡಲಿಲ್ಲದ ಊರಲ್ಲಿ ಹಡಗಿನ ಮಾತು

ಜರ್ಮನಿಯ ರೆನ್ನಿಂಗೆನ್‌ನಲ್ಲಿ ಕೂತು ಹಡಗಿನ ಯೋಚನೆ ಮಾಡುವುದೆಂದರೆ ಚಿತ್ರದುರ್ಗದಲ್ಲಿ ಕೂತು ಬಂಗುಡೆಗೆ ಬಲೆ ಹೆಣೆದಂತೆ. ಸ್ಟುಟ್‌ಗಾರ್ಟ್‌ನಿಂದ ಎಸ್6 ರೈಲು ಹತ್ತಿ ಬರುವ ಈ ಊರಲ್ಲಿ ಇರುವುದು ರಾಂಕ್‌ಬಾಖ್ ಎಂಬ ಪುಟ್ಟ ತೊರೆ. ಹಾಗಂತ ಅದನ್ನು ಹಗುರ ಮಾಡಬೇಡಿ. ಅದು ವ್ಯುರ್ಮ್ ಸೇರಿ, ವ್ಯುರ್ಮ್ ನಾಗೋಲ್ಡ್ ಸೇರಿ, ಅಲ್ಲಿಂದ ಎಂಟ್ಸ್, ನೆಕಾರ್, ರೈನ್ ಎಂದು ಕೈ ಬದಲಾಯಿಸುತ್ತ ಉತ್ತರ ಸಮುದ್ರ ಮುಟ್ಟುತ್ತದೆ. ಟಿಕೆಟ್ಟಿಲ್ಲ, ವೀಸಾ ಇಲ್ಲ!

ಟಿಕೆಟ್ ಬೇಕಾದವರು ನಾವು. ಬಾಷ್ ಕಂಪನಿ 2015ರಲ್ಲಿ ಇಲ್ಲಿ ಸಂಶೋಧನಾ ಕೇಂದ್ರ ತೆರೆದಿದೆ. ಆಡುಗೋಡಿಯ ‘ಮೈಕೋ’ ಎಂದರೆ ನಮ್ಮ ತಲೆಮಾರಿಗೆ ಗೊತ್ತಲ್ಲ, ಅದೇ ಮನೆತನ. ಅಳಿಯನ ಕೆಲಸ ಅಲ್ಲಿ, ನಮ್ಮ ಬಿಡಾರ ಅಳಿಯನಲ್ಲಿ. “ಮಾವ, ನಿಮ್ಮ ಅಭಿರುಚಿಗೆ ಯಾವ ಥರದ ಕ್ರೂಸ್ ಆಗಬಹುದು?” ಎಂದು ಅವರು ಕೇಳಿದಾಗ ನನ್ನವಳು ಅಡುಗೆಮನೆಯಿಂದಲೇ, “ರೀ, ಸಾರು ಸಿಗುತ್ತಾ ಕೇಳಿ” ಎಂದಳು. ಅಭಿರುಚಿಯ ಚರ್ಚೆ ಅಲ್ಲಿಗೇ ಅರ್ಧ ಮುಗಿಯಿತು.

ಇನ್ನರ್ಧ ಕೇಳಿ. ಕಿವಿ ಗಟ್ಟಿಯಿದ್ದವರಿಗೆ ಹೆವಿ ಮೆಟಲ್ ಸಂಗೀತದ ಹಡಗೇ ಇದೆಯಂತೆ. 2013ರಲ್ಲಿ ಜರ್ಮನ್ನರು ‘ಫುಲ್ ಮೆಟಲ್ ಕ್ರೂಸ್’ ಎಂದೇ ಹೊರಡಿಸಿದರು. ಸುತ್ತ ಸಮುದ್ರ, ನಡುವೆ ಆ ಗದ್ದಲ. ತಪ್ಪಿಸಿಕೊಂಡು ಹೋಗುವುದೆಲ್ಲಿಗೆ ಸ್ವಾಮಿ? ಚಳಿ ಬೇಕಾದವರಿಗೆ ನಾರ್ವೆಯ ಹುರ್ಟಿಗ್ರೂಟನ್. 1893ರಿಂದ ಕರಾವಳಿಯುದ್ದಕ್ಕೂ ಟಪಾಲು ಹೊತ್ತ ಹಡಗು ಸಾಲು ಅದು. ಊರೂರಿಗೆ ನಿಂತು ಸಾಮಾನಿಳಿಸುತ್ತ ಹೋಗುವ ಆ ಸ್ವಭಾವ ನನಗೆ ಹಿಡಿಸಿತು, ನಮ್ಮ ಕೆಂಪು ಬಸ್ಸಿನ ಜಾತಿಯೇ. ಡಿಸೆಂಬರಿನಲ್ಲಾದರೆ ರೈನ್, ಡ್ಯಾನ್ಯೂಬ್ ನದಿಗಳ ಮೇಲೆ ಕ್ರಿಸ್‌ಮಸ್ ಸಂತೆಯ ಹಡಗುಗಳು: ಹಗಲು ಸಂತೆ, ರಾತ್ರಿ ಪಯಣ.

ಡ್ಯಾನ್ಯೂಬ್ ಎಂದಾಗ ನೆನಪಾಯಿತು. ರೈನಿನ ಉಪನದಿ ಮೈನ್‌ನಿಂದ ಡ್ಯಾನ್ಯೂಬಿಗೆ ಕಾಲುವೆ ತೋಡುವ ಆಸೆ ಷಾರ್ಲಮೇನ್ ದೊರೆಗೆ 793ರಲ್ಲೇ ಇತ್ತು. ಮಳೆ, ಕೆಸರು ಬಿಡಲಿಲ್ಲ. ಕೊನೆಗೆ ಹಡಗು ದಾಟುವಂಥ ಕಾಲುವೆ ಪೂರ್ತಿಯಾದದ್ದು 1992ರಲ್ಲಿ. ನಮ್ಮ ಸರ್ಕಾರಿ ಕಾಮಗಾರಿಗಳನ್ನು ಬೈಯುವವರು ಇದನ್ನು ಗುರುತು ಹಾಕಿಕೊಳ್ಳಲಿ. ಅಲ್ಲಿ ಹಡಗುಗಳು ನೀರಿನ ಕಟ್ಟೆ-ಬಾಗಿಲುಗಳೊಳಗೆ ಮೆಟ್ಟಿಲು ಹತ್ತಿದ ಹಾಗೆ ಏರಿ, ಸಮುದ್ರಮಟ್ಟಕ್ಕಿಂತ 406 ಮೀಟರ್ ಎತ್ತರದಲ್ಲಿ ಗುಡ್ಡ ದಾಟುತ್ತವೆ.

ಎತ್ತರದ ಮಾತಿಗೆ ಇನ್ನೊಬ್ಬರು ಬರುತ್ತಾರೆ. ನಮ್ಮ ಎಸ್6 ರೈಲಿನ ಕೊನೆಯ ನಿಲ್ದಾಣ ವೈಲ್ ಡೆರ್ ಸ್ಟಾಟ್. 1571ರಲ್ಲಿ ಯೊಹಾನೆಸ್ ಕೆಪ್ಲರ್ ಹುಟ್ಟಿದ ಊರು. ಕಡಲಿಲ್ಲದ ಸೀಮೆಯ ಆ ಮನುಷ್ಯ 1610ರಲ್ಲಿ ಗೆಲಿಲಿಯೋಗೆ ಬರೆಯುತ್ತಾನೆ: ಆಕಾಶದ ಗಾಳಿಗೆ ಹೊಂದುವ ಹಡಗು, ಹಾಯಿ ಸಿದ್ಧವಾದರೆ ಆ ಶೂನ್ಯಕ್ಕೆ ಹೆದರದೆ ಹೊರಡುವವರು ಇದ್ದೇ ಇರುತ್ತಾರೆ ಎಂದು. ಅಭಿರುಚಿಗೆ ತಕ್ಕ ಕ್ರೂಸ್ ಎಂದರೆ ಅದಲ್ಲವೇ! ಅಲ್ಲಿ ಸಾರು ಸಿಗುತ್ತದೋ ಇಲ್ಲವೋ ಎಂದು ಅವನ ಹೆಂಡತಿ ಕೇಳಿದಂತಿಲ್ಲ.

ಇಷ್ಟೆಲ್ಲ ಸುತ್ತಿ ನನ್ನ ತೀರ್ಪು ಹೇಳಿಬಿಡುತ್ತೇನೆ: ನಮ್ಮಂಥವರಿಗೆ ನದಿಯ ಹಡಗೇ ವಾಸಿ. ತಲೆ ಸುತ್ತದು, ಎರಡೂ ದಡ ಕಣ್ಣೆದುರಿಗಿರುತ್ತವೆ, ಬೇಸರವಾದರೆ ಮುಂದಿನ ಊರಲ್ಲಿಳಿದು ರೈಲು ಹಿಡಿಯಬಹುದು. ಒಂದು ಷರತ್ತು ಮಾತ್ರ. 2018ರ ಬರಗಾಲದಲ್ಲಿ ರೈನ್ ಬತ್ತಿ, ಹಡಗಿಗೆ ದುಡ್ಡು ಕೊಟ್ಟ ಪ್ರವಾಸಿಗರನ್ನು ಬಸ್ಸಿಗೆ ಹತ್ತಿಸಿದ ಪ್ರಸಂಗಗಳುಂಟು. ಆದ್ದರಿಂದ ಬುಕ್ ಮಾಡುವ ಮುನ್ನ ಸಾರಿನ ಜೊತೆಗೆ ಇದನ್ನೂ ಕೇಳಿಕೊಳ್ಳಿ: ನೀರಿಳಿದರೆ ದುಡ್ಡು ವಾಪಸ್ಸೋ, ಬಸ್ಸೋ?