ರೋಣದ ಹಾದಿಯಲ್ಲಿ ಅನ್ನ ಮತ್ತು ಗಾನ

ನರಗುಂದದ ಗುಡ್ಡ ಹಿಂದಾದರೆ ರೋಣದವರೆಗೂ ಎರೆಹೊಲ. ಗಜೇಂದ್ರಗಡದಲ್ಲಿ ಮತ್ತೆ ಗುಡ್ಡ. ಅಮೆರಿಕದಲ್ಲಿ ದನಗಾಹಿಗಳ ವೇಷದ ವಾದ್ಯಗಾರರು ಉಣಬಡಿಸಿ ಹಾಡುವರು. ಊಟಕ್ಕೂ ಹಾಡಿಗೂ ಒಂದೇ ಚೀಟಿ. ಈ ಸೀಮೆಯಲ್ಲಿ ಅನ್ನ-ಗಾನಗಳ ನಂಟು ಹಸಿವಿನದು. 1922ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರು ಹನ್ನೊಂದರ ಎಳವೆಯಲ್ಲೇ ಗುರುವನ್ನರಸಿ ಮನೆ ಬಿಟ್ಟರು. (ತುಪ್ಪಕ್ಕಾಗಿ ಮುನಿದರೆಂಬ ಕಥೆಯೂ ಉಂಟು, ನನಗದು ಪ್ರಿಯ.) ಕಾಸಿಲ್ಲದ ಹುಡುಗನಿಗೆ ರೈಲಿನಲ್ಲಿ ಹಾಡೇ ಚೀಟಿ, ಹಾಡೇ ಬುತ್ತಿ. ಉತ್ತರದೇಶವನ್ನಲೆದ ಮೇಲೆ ಗುರು ಸವಾಯಿ ಗಂಧರ್ವರು ದೊರೆತದ್ದು ಇತ್ತಲ ಕುಂದಗೋಳದಲ್ಲಿ!

ರೋಣದ ದಕ್ಷಿಣಕ್ಕೆ ಗದಗು. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು, ಸ್ವತಃ ಅಂಧರಾಗಿದ್ದು, ಅಂಧ ಬಾಲಕರಿಗೆ ಅನ್ನವಿಕ್ಕಿ ಸಂಗೀತ ಕಲಿಸಿದರು. ನಿತ್ಯವೂ ಅಷ್ಟು ಎಲೆ ಹಾಕುವುದು ಸುಲಭವೆ? ಆಶ್ರಮವೇ ನಾಟಕ ಮಂಡಳಿ ಕಟ್ಟಿತು. ಶಿಷ್ಯರು ಊರೂರಿನಲ್ಲಿ ಹಾಡಿದರು. ಟಿಕೆಟ್ಟಿನ ಹಣ ಮಕ್ಕಳ ಊಟಕ್ಕೆ ಸಂದಿತು.