ಬೀದರದ ನಡುಹಗಲಿನ ಇರುಳು

ನಟ್ಟನಡುಹಗಲಿನಲ್ಲಿ ಅಮಾವಾಸ್ಯೆಯ ಇರುಳನ್ನು ಕಾಣಬಯಸುವವರು ಬೀದರಕ್ಕೆ ಹೋಗಬೇಕು. ಅಲ್ಲಿಯ ಕೋಟೆ, 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಮ್ಮಟಗಳು ಇವೆಲ್ಲ ಬಿಸಿಲಿನಲ್ಲಿ ನೋಡತಕ್ಕವು. ಊರಂಚಿನ ಗುಡ್ಡದೊಳಗೆ ನೆಲೆಸಿರುವ ಝರಣಿ ನರಸಿಂಹನ ಸನ್ನಿಧಿಗೆ ಮಾತ್ರ ಸೂರ್ಯನಿಗೆ ಪ್ರವೇಶವಿಲ್ಲ.

ಗುಡ್ಡವನ್ನು ಕೊರೆದ ಸುರಂಗ ಸುಮಾರು 300 ಮೀಟರ್ ಉದ್ದ. ಗರ್ಭಗುಡಿ ಇರುವುದು ಅದರ ತುದಿಯಲ್ಲಿ. ದಾರಿಯುದ್ದಕ್ಕೂ ನೀರು, ದೊಡ್ಡವರಿಗೂ ಎದೆಯ ಮಟ್ಟ. ಮೇಲ್ಛಾವಣಿಯಲ್ಲಿ ಬಾವಲಿಗಳ ತುಂಬಿದ ಸಂಸಾರ. ಅವು ಯಾರ ತಂಟೆಗೂ ಬರುವುದಿಲ್ಲ. ಯಾತ್ರಿಕರ ಗದ್ದಲದಿಂದ ಬೇಸರಪಡಬೇಕಾದವು ಅವೇ.

ಬೀದರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಆ ಕೆಂಪು ಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಅಡಿಯ ಕರಿಗಲ್ಲು ಅದನ್ನು ತಡೆದು ಬದಿಗೆ ಹರಿಸುತ್ತದೆ. ಊರ ಸುತ್ತ ಝರಿಗಳು ಹುಟ್ಟಿರುವುದು ಹೀಗೆ. ಸ್ಥಳಪುರಾಣ ಹೇಳುವುದೇ ಬೇರೆ. ಹಿರಣ್ಯಕಶಿಪುವನ್ನು ಕೊಂದ ನರಸಿಂಹ, ಶಿವಭಕ್ತನಾದ ಝರಾಸುರನನ್ನೂ ಸಂಹರಿಸಿದನಂತೆ. ಸಾಯುವ ರಾಕ್ಷಸ ತನ್ನ ಗುಹೆಯಲ್ಲಿಯೇ ನೆಲೆಸೆಂದು ಬೇಡಿಕೊಂಡು, ತಾನು ನೀರಾಗಿ ಸ್ವಾಮಿಯ ಪಾದದಡಿ ಹರಿದನಂತೆ. ರಾಕ್ಷಸನೇ ನೀರಾಗಿ ಹೋದ ಮೇಲೆ ಇನ್ನೇನು ಅಂಜಿಕೆ ಎಂದು ಮಕ್ಕಳನ್ನು ಸಂತೈಸಲು ಹಿರಿಯರಿಗೆ ಈ ಕಥೆ ಅನುಕೂಲ. ಆದರೆ ಅಂಜಿದ ಮಗು ತರ್ಕಕ್ಕೆ ಬಗ್ಗುವುದುಂಟೆ?

ಹೀಗೆ ಬಂದ ಒಂದು ಸಂಸಾರವನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಲಿ. ಊರು ಔರಾದ, ಕರ್ನಾಟಕದ ನೆತ್ತಿಯ ಮೇಲಿರುವ ತಾಲ್ಲೂಕು. ತಾಯಿಯ ತವರು ಭಾಲ್ಕಿ. ಮಗನಿಗೆ ಆರು ವರ್ಷ. ಹಗಲು ಹುಲಿ, ಸಂಜೆ ದೀಪ ಹಚ್ಚಿದ ಮೇಲೆ ತಾಯಿಯ ಸೆರಗು ಬಿಡದ ಕರು. ವಿದ್ಯುತ್ತು ಹೋಯಿತೆಂದರೆ ಮನೆ ಎರಡು ಸಲ ಕತ್ತಲಾಗುತ್ತದೆ, ಎರಡನೆಯ ಕತ್ತಲೆ ಅವನ ಅಳುವಿನದು. ಭಾಲ್ಕಿಯ ಮುತ್ಯಾ ಇದನ್ನು ಕಂಡು ಝರಣಿಗೆ ಹರಕೆ ಹೊತ್ತರು. ರಜೆಯಲ್ಲಿ ಎಲ್ಲರೂ ಭಾಲ್ಕಿಯಿಂದ ರೈಲು ಹಿಡಿದು ಬೀದರಕ್ಕೆ ಬಂದರು.

ಸುರಂಗದ ಬಾಯಿಯಲ್ಲಿ ಹುಡುಗ ಹಿಮ್ಮೆಟ್ಟಿದ. ಸೋದರಮಾವ ಅವನನ್ನು ಹೆಗಲಿಗೇರಿಸಿಕೊಂಡು ನೀರಿಗಿಳಿದ. ಮಗು ಕಣ್ಣು ಮುಚ್ಚಿ ಮಾವನ ತಲೆಗೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿಯಿತು. ಮುಂದೆ ಹಿಂದೆ "ಗೋವಿಂದಾ" ಎಂಬ ಕೂಗು ಕಲ್ಲಿಗೆ ತಾಗಿ ಇಮ್ಮಡಿಯಾಗುತ್ತಿತ್ತು. ಬೆಚ್ಚಗಿನ, ಹಸಿ ವಾಸನೆಯ ಗಾಳಿ. ಸುರಂಗದೊಳಗೆ ವಿದ್ಯುದ್ದೀಪಗಳೇನೋ ಇದ್ದವು. ಅಂಜಿದವರಿಗೆ ಇರುವ ದೀಪಕ್ಕಿಂತ ಆರಬಹುದಾದ ದೀಪದ್ದೇ ಚಿಂತೆ.

"ಮಾಮಾ, ಲೈಟ್ ಹೋದ್ರ?"

"ಹೋದ್ರ ಹೋಗ್ಲಿ. ಗ್ವಾಡಿ ಎಲ್ಲಿ ಹೋಗ್ತದೋ? ಕೈ ಚಾಚು, ಇಲ್ಲೇ ಅದ."

ಮಗು ಒಂದು ಮುಷ್ಟಿ ಸಡಿಲಿಸಿ ಕೈ ಚಾಚಿತು. ಒದ್ದೆಯಾದ, ಒರಟಾದ ಕಲ್ಲು. ಅಲ್ಲಿಂದ ಮುಂದೆ ಆ ಕೈ ಗೋಡೆಯನ್ನು ಬಿಡಲಿಲ್ಲ. ತುದಿಯಲ್ಲಿ ಏಳೆಂಟು ಜನ ನಿಲ್ಲುವಷ್ಟೇ ಜಾಗ. ಅಲ್ಲಿ ನರಸಿಂಹನೂ, ರಾಕ್ಷಸ ಪೂಜಿಸುತ್ತಿದ್ದನೆನ್ನುವ ಶಿವಲಿಂಗವೂ. ಮರಳುವ ದಾರಿ ಬೇರೆಯಿಲ್ಲ, ಬಂದ ಕತ್ತಲೆಯೇ. ಆದರೆ ಹಿಂದಿರುಗುವಾಗ ಹುಡುಗ ಕಣ್ಣು ತೆರೆದಿದ್ದ; ಬಾವಲಿಗಳನ್ನು ಎಣಿಸಹೊರಟು ಲೆಕ್ಕ ತಪ್ಪಿ ಮಾವನೊಡನೆ ಜಗಳಕ್ಕೆ ನಿಂತಿದ್ದ.

ಈ ಯಾತ್ರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವುದಲ್ಲ. ಉಸಿರಿನ ತೊಂದರೆಯುಳ್ಳವರು ದೂರದಿಂದಲೇ ಕೈಮುಗಿಯುವುದು ಲೇಸು. ನೀರು ಮತ್ತು ಗಾಳಿಯ ಸ್ಥಿತಿ ಒಂದೇ ರೀತಿ ಇರುವುದಿಲ್ಲವಾದ್ದರಿಂದ, ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ ಹೊರಡಬೇಕು. ಅಳುವ ಮಗುವನ್ನು ಹಟದಿಂದ ಎಳೆದೊಯ್ಯುವ ತಂದೆತಾಯಿಗಳಿಗೆ ಬುದ್ಧಿ ಹೇಳುವವರೂ ಅಲ್ಲಿರಬೇಕಿತ್ತು.

ನೆಲದೊಳಗಿನ ಕತ್ತಲೆ ಬೀದರದವರಿಗೆ ಹೊಸದೇನಲ್ಲ. ಬಹಮನಿ ಅರಸರು 15ನೆಯ ಶತಮಾನದಲ್ಲಿ ಪರ್ಷಿಯಾದ ವಿಧಾನದಂತೆ ಇಲ್ಲಿ ಕರೇಜ್ ಎಂಬ ಭೂಗತ ಕಾಲುವೆಗಳನ್ನು ತೋಡಿಸಿದರು. ನೌಬಾದಿನ ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಇಳಿಸಿದ ಬಾವಿಗಳಿವೆ; ಅವುಗಳ ಮೂಲಕ ಗಾಳಿಯೂ ಬೆಳಕಿನ ಕಂಬಗಳೂ ಕೆಳಗಿಳಿಯುತ್ತವೆ.

ಬಿದರಿ ಕಸುಬಿನವರಿಗಂತೂ ಕತ್ತಲೆಯೇ ಬಂಡವಾಳ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿದ ಮೇಲೆ, ಕೋಟೆಯ ಮಣ್ಣನ್ನು ನವಸಾಗರದೊಡನೆ ನೀರಿಗೆ ಹಾಕಿ ಕಾಯಿಸಿ ಪಾತ್ರೆಗೆ ಲೇಪಿಸುತ್ತಾರೆ. ಬಹುಕಾಲ ಬಿಸಿಲು ಮಳೆ ಸೋಕದ ಮಣ್ಣೇ ಆಗಬೇಕು. ಗುಣವನ್ನು ನಾಲಗೆಯಿಂದ ಪರೀಕ್ಷಿಸುವುದು ವಾಡಿಕೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ರೈಲಿನ ಹೊತ್ತಾಗುವವರೆಗೆ ಅಂಥದೊಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತ ಹುಡುಗ, ಚಿಟಿಕೆ ಮಣ್ಣನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದ. ತಿನ್ನಲೂ ಹೋದ, ತಾಯಿ ಕೈ ಹಿಡಿದಳು.

ಆ ರಾತ್ರಿ ಭಾಲ್ಕಿಯಲ್ಲಿ ಊಟದ ನಡುವೆ ದೀಪ ಹೋಯಿತು. ಎಲ್ಲರೂ ಅಳುವಿಗಾಗಿ ಕಾದರು. ಕೇಳಿಸಿದ್ದು ಮಾತ್ರ, ಪಡಸಾಲೆಯ ಕಲ್ಲುಗೋಡೆಯ ಮೇಲೆ ಪುಟ್ಟ ಅಂಗೈಯೊಂದು ತಡವಿಕೊಂಡು ಅಡುಗೆಮನೆಯತ್ತ ಸಾಗುವ ಸದ್ದು.

"ಗ್ವಾಡಿ ಅದನೇನೋ ತಮ್ಮಾ?" ಎಂದರು ಮುತ್ಯಾ.

"ಅದ, ಮುತ್ಯಾ."