ನರೇಟರ್, ಎನ್‌ವಿಡಿಎ, ನಾವು

ಕಣ್ಣು ಕಾಣದ ನಮ್ಮಂಥವರು ಕಂಪ್ಯೂಟರಿಗೆ ಸ್ಕ್ರೀನ್ ರೀಡರ್ ಹಾಕಿಕೊಳ್ಳುವುದರಲ್ಲಿ ಒಂದು ತಮಾಷೆಯಿದೆ. ಪರದೆ ಓದುವ ತಂತ್ರಾಂಶ ಹಾಕಿಕೊಳ್ಳಬೇಕಾದರೆ ಮೊದಲು ಯಾರಾದರೂ ಪರದೆ ಓದಿ ಹೇಳಬೇಕು! ಹಿಂದೆಲ್ಲ ಇದಕ್ಕೆ ಪಕ್ಕದ ಮನೆ ಹುಡುಗನನ್ನು ಕರೆಯಬೇಕಿತ್ತು. ಅವನು 'ನೆಕ್ಸ್ಟ್, ನೆಕ್ಸ್ಟ್' ಅಂತ ಒತ್ತಿಕೊಂಡು ಹೋಗುತ್ತಿದ್ದ. ಏನು ಒತ್ತಿದನೋ, ಯಾವುದಕ್ಕೆ ಒಪ್ಪಿದನೋ, ದೇವರೇ ಬಲ್ಲ.

ಈಗ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ವಿಂಡೋಸ್, ಎಂಟರ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಅದರಲ್ಲೇ ಇರುವ ಸ್ಕ್ರೀನ್ ರೀಡರ್ ನರೇಟರ್ ಬಾಯಿಬಿಡುತ್ತದೆ. ಅದರ ಕೈಹಿಡಿದು ಎನ್‌ವಿಡಿಎ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಇಳಿಸಿಕೊಳ್ಳುವುದು, ಆಮೇಲೆ ಅದೇ ನರೇಟರಿನ ಬಾಯಿ ಮುಚ್ಚಿಸುವುದು ನಮ್ಮ ರೂಢಿ. ಪಾಪ ಅನ್ನಿಸುತ್ತದೆ. ಎನ್‌ವಿಡಿಎ ಜಾಣತನ ನೋಡಿ: ಇನ್‌ಸ್ಟಾಲ್ ಆಗುವ ಮೊದಲೇ ಸಣ್ಣದೊಂದು ರಾಗ ನುಡಿಸಿ ತಾನೇ ಮಾತು ಶುರುಮಾಡುತ್ತದೆ. ಪರವಾನಗಿಯ ಷರತ್ತನ್ನೂ ನಾವೇ ಕೇಳಿಸಿಕೊಂಡು ಒಪ್ಪಬಹುದು. 2006ರಲ್ಲಿ ಇದನ್ನು ಆರಂಭಿಸಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಸ್ವತಃ ಅಂಧರು. ಗೊತ್ತಾಗುತ್ತದೆ ಬಿಡಿ.

ಜಾಸ್ ಎಂಬ ಮತ್ತೊಂದು ಸ್ಕ್ರೀನ್ ರೀಡರ್ ಎನ್‌ವಿಡಿಎಯ ಹಾಗೆ ಉಚಿತವಲ್ಲ, ಅದಕ್ಕೆ ದುಡ್ಡು ಕೊಡಬೇಕು. ಆಕ್ಟಿವೇಟ್ ಮಾಡದಿದ್ದರೆ 40 ನಿಮಿಷ ಮಾತಾಡುತ್ತದೆ, ಮತ್ತೆ ಬೇಕೆಂದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ಆ 40 ನಿಮಿಷದಲ್ಲೇ ಅರ್ಜಿ ಟೈಪ್ ಮಾಡಿ ಮುಗಿಸುವ ಓಟ ಬಲ್ಲವರೇ ಬಲ್ಲರು.

ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಉಚ್ಚಾರ ಒರಟು, ನಿಜ. ಆದರೆ ಕಿವಿ ಪಳಗಿದ ಮೇಲೆ ಎಷ್ಟು ವೇಗದಲ್ಲಿಟ್ಟರೂ ತಿಳಿಯುತ್ತದೆ. ಮನೆಯವರಿಗೆ ಮಾತ್ರ ಅದು ಬರೀ ಗೊರಗೊರ ಸದ್ದು, ಹಾಗಾಗಿ ಗುಟ್ಟಿನ ಮೇಲ್ ಓದೋಕೆ ಇಯರ್‌ಫೋನೂ ಬೇಕಿಲ್ಲ.